ಮದರಬಿ ಮಣ್ಣಿಗಂತ ಇಟ್ಟ ರೊಕ್ಕ

ರೋಣದಾಗ ಯಾರ ಮನ್ಯಾಗ ಲಗ್ನ ನಿಂತ್ರೂ, ಯಾರ ಮಗಳು ಬಾಣಂತನಕ್ಕ ತವರಿಗೆ ಬಂದ್ರೂ ಮೊದಲ ನೆನಪಾಗೂದು ಗಾದಿ ದಾದಾಪೀರನ ಅಂಗಡಿ. ಮೂರು ತಲಿಯಿಂದ ಪಿಂಜಾರಕಿ ಮಾಡ್ಕೋತ ಬಂದ ಮನಿತನ ಅದು. ಅರಳಿ ಹಿಂಜಿ, ಗಲೀಬು ಅಂತ ಬಟ್ಟಿ ಚೀಲಕ್ಕ ತುಂಬಿ, ಉದ್ದನ್ನ ಸೂಜೀಲೆ ಹೊಲಿಗಿ ಹಾಕಿ, ಕೋಲೀಲೆ ಬಡದು ಸಮ ಮಾಡಿ ಕೊಟ್ಟಾ ಅಂದ್ರ ಹತ್ತು ವರ್ಷ ಆ ಗಾದಿ ಚಿಂತಿ ಇಲ್ಲ. ಅಬ್ಬಿಗೇರಿ, ಬೆಳವಣಕಿ ಕಡಿಂದ ಮಂದಿ ಚಕ್ಕಡ್ಯಾಗ ಹತ್ತಿ ಹೇರಿಕೊಂಡು ಬರ್ತಿದ್ರು. ಪ್ಯಾಟಿಗೆ ಸ್ಪಂಜಿನ ಗಾದಿ ಬಂದಾಗ ದಾದಾಪೀರ ಹೊಟ್ಟಿ ಹಿಡಕೊಂಡು ನಕ್ಕಿದ್ದ. “ಅದರ ಮ್ಯಾಲ ಮಲಗಿದವ್ರು ಟೊಂಕಾ ಹಿಡಕೊಂಡು ನನ್ನ ಕಡೇನ ಬರ್ತಾರ ತಗೋ” ಅಂತಿದ್ದ. ತನ್ನ ಕೈ ಮ್ಯಾಲ ಅಷ್ಟು ನಂಬಿಗಿ. ಆ ನಂಬಿಗೀನ ಮುಂದ ಅವನ ತಾಯಿಗೆ ಮುಳುವಾತು. ಹ್ಯಾಂಗಂತ ಹೇಳ್ತೀನಿ, ಕೇಳ್ರಿ.

ತಾಯಿ ಮದರಬಿಗೆ ಎಪ್ಪತ್ತು ದಾಟಿತ್ತು. ಚಸ್ಮಾ ಏರಿಸಿಕೊಂಡು ಇನ್ನೂ ಗಲೀಬು ಹೊಲೀತಿದ್ಲು. ಆ ಹೊಲಿಗಿ ರೊಕ್ಕದಾಗ ಐದು ಹತ್ತು ಉಳಿಸಿ ತನ್ನ ತಲಿದಿಂಬಿನಾಗ ಇಟ್ಟು ಬಾಯಿ ಹೊಲಿತಿದ್ಲು. ಅದು ಯಾತರ ರೊಕ್ಕ ಅಂತ ಮನಿ ಮಂದಿಗೆಲ್ಲಾ ಗೊತ್ತು. ಆಕಿ ಮಣ್ಣಿಂದು. ಕಫನಿನ ಬಿಳಿ ಬಟ್ಟಿಗೆ, ಕಬರಿಗೆ, ನಲವತ್ತನೇ ದಿನದ ಊಟಕ್ಕ. ಗಂಡ ತೀರಿಕೊಂಡಾಗ ಮನ್ಯಾಗ ಪೈಸಾ ಇರಲಿಲ್ಲ. ಮಂದಿ ಮಸೀದಿ ಮುಂದ ಚಾದರ ಹಾಸಿ ರೊಕ್ಕ ಕೂಡಿಸಿ ಮಣ್ಣು ಮಾಡಿದ್ರು. ಆ ಚಾದರದ ಮ್ಯಾಲ ಚಿಲ್ಲರ ಬಿದ್ದ ಸಪ್ಪಳ ಮದರಬಿ ಮರೀಲಿಲ್ಲ. “ನನ್ನ ಮಣ್ಣಿಗೆ ಯಾರ ಮುಂದೂ ಕೈ ಚಾಚಬ್ಯಾಡ್ರಿ” ಅಂತ ವರ್ಷಕ್ಕೊಮ್ಮೆ ಆದ್ರೂ ಮಕ್ಕಳಿಗೆ ಹೇಳ್ತಿದ್ಲು.

ಸಾವಿನ ಮಾತು ಆ ಮನ್ಯಾಗ ಇಷ್ಟು ಸಲೀಸಾಗಿ ಆಡ್ತಿದ್ರು ನೋಡ್ರಿ. ಆದ್ರ ಸಾಯೂ ಮೊದಲಿನ ಮಾತು ಯಾರೂ ಎತ್ತತಿರಲಿಲ್ಲ. ಒಮ್ಮೆ ಹಬ್ಬದ ದಿನ ತಮ್ಮ ಉಮರ ಎತ್ತಿದ್ದ. ಅವ ನರಗುಂದದಾಗ ಸೈಕಲ್ ರಿಪೇರಿ ಅಂಗಡಿ ಇಟ್ಟಾವ. “ಅಣ್ಣಾ, ಅವ್ವ ನಾಳೆ ಹಾಸಿಗಿ ಹಿಡದ್ರ ಹ್ಯಾಂಗ ಮಾಡೂದು?” ಅಂದಿದ್ದ. ದಾದಾಪೀರ ಉಣ್ಣೂ ತಾಟ ಸರಿಸಿ ಎದ್ದಬಿಟ್ಟ. “ಬಿಡ್ತು ಅನ್ನು! ಹಬ್ಬದ ದಿನ ಎಂಥಾ ಮಾತ ಆಡ್ತೀಲೇ?” ಉಮರ ಬಿಡ್ತು ಅಂದ. ಮಾತು ಅಲ್ಲಿಗೇ ಮುಗೀತು.

ಎರಡು ಸಾವಿರದ ಏಳನೇ ಇಸವಿ, ಮಳಿಗಾಲ ಮುಗದು ಲಗ್ನದ ಗಾದಿ ಕೆಲಸ ಜೋರ ಹಿಡದಿತ್ತು. ಹೊಲಕೋತ ಕೂತ ಮದರಬಿ ಕೈಯಾಗಿಂದ ಸೂಜಿ ಜಾರಿತು. ಎತ್ತಿಕೊಳ್ಳಾಕ ಹೋದ್ರ ಬಲಗೈ ಏಳಲಿಲ್ಲ, ಬಾಯಿ ಒಂದ ಕಡೆ ಎಳೀತು. ಲಕ್ವಾ ಹೊಡದಿತ್ತು. ಗದಗಿನ ದವಾಖಾನ್ಯಾಗ ಹನ್ನೆರಡು ದಿನ ಇಟ್ಟರು. ಮಾತು ತೊದಲಕೋತ ತಿರುಗಿ ಬಂತು, ಬಲಗಡೆ ಮೈ ಬರಲಿಲ್ಲ. “ಇನ್ನ ನಾವು ಮಾಡೂದು ಕಡಿಮಿ, ಮನ್ಯಾಗ ನೀವು ಮಾಡೂದು ಭಾಳ ಐತಿ” ಅಂದ ಡಾಕ್ಟರು ಮನಿಗೆ ಕಳಿಸಿದ್ರು.

ದಾದಾಪೀರ ಕಣ್ಣೀರ ಒರಸಿಕೊಂಡು ಅವತ್ತ ಕೆಲಸಕ್ಕ ಕೂತ. ಗಿರಾಕಿ ಗಾದಿ ಎಲ್ಲಾ ಬಾಜೂಕ ಸರಿಸಿ ಅವ್ವಗ ಒಂದು ಗಾದಿ ಮಾಡಿದ. ಹದಿನೈದು ಕಿಲೋ ಜವಾರಿ ಅರಳಿ, ಎರಡೆರಡು ಸಲ ಹಿಂಜಿ ಮೆತ್ತಗ ಮಾಡಿದ್ದು. ಅಂಥಾ ಗಾದಿ ಮದುಮಕ್ಕಳಿಗೂ ಮಾಡಿರಲಿಲ್ಲ. “ಅವ್ವಾ, ಇದರ ಮ್ಯಾಲ ರಾಣಿ ಹಾಂಗ ಮಲಕೋ” ಅಂದ. ತನ್ನ ಸೇವಾ ಮುಗೀತು ಅಂತ ತಿಳಕೊಂಡ, ಪಾಪ. ಮರುದಿನಾನ ಅಂಗಡಿಗೆ ಹೋದ.

ಉಳಿದ ಸೇವಾ ಯಾರ ಪಾಲಿಗೆ ಬಂತು? ಹೆಂಡತಿ ಗುಲ್ಷನಗ. ಅತ್ತಿಗೆ ಉಣಿಸೂದು, ಮೈ ಒರಸೂದು, ಹೊಲಸ ತಗಿಯೂದು, ಚಾದರ ಒಗಿಯೂದು. ಅದರ ಜೋಡಿ ಅಡಗಿ, ನೀರು, ಅಂಗಡಿ ಹೊಲಿಗಿ. ಮೊದಲೆಲ್ಲಾ ದಿನಕ್ಕ ಎರಡು ಗಾದಿ ಹೊಲಿಯಾಕಿ, ಈಗ ಎರಡು ದಿನಕ್ಕ ಒಂದು. ಗಿರಾಕಿ ಒದರ್ಯಾಡಾಕ ಹತ್ತಿದ್ರು. ಗುಲ್ಷನ ಹೊಲಿಗಿ ಹಿಡದಾಗ ಮದರಬಿ ಮಕಾ ಮ್ಯಾಲ ಮಾಡಿಕೊಂಡು ಹಾಂಗ ಬಿದ್ದಿರ್ತಿದ್ಲು, ಮುಂಜಾನಿಂದ ಮಧ್ಯಾಹ್ನದ ಮಟ. ಸೊಸಿ ದಣದಾಳಂತ ಕರೀತಿರಲಿಲ್ಲ.

ಒಂದಿನ ಮೈ ಒರಸೂವಾಗ ಗುಲ್ಷನಗ ಅತ್ತಿ ಟೊಂಕದ ಕೆಳಗ ಅಂಗೈಯಷ್ಟು ಕೆಂಪು ಕಂಡಿತು. ತಮ್ಮ ಸ್ತ್ರೀಶಕ್ತಿ ಸಂಘಕ್ಕ ಬಂದು ಆರೋಗ್ಯದ ಮಾತು ಹೇಳೂ ಸಿಸ್ಟರ್ ಅನ್ನಪೂರ್ಣನ್ನ ಕರಕೊಂಡು ಬಂದ್ಲು. ಆಕಿ ಓಣಿ ಓಣಿ ತಿರುಗಿ ಬಾಣಂತ್ಯಾರನ್ನ, ಮುದುಕರನ್ನ ನೋಡೂ ನರ್ಸು.

ಅನ್ನಪೂರ್ಣ ಬೆರಳೀಲೆ ಒತ್ತಿ ನೋಡಿದ್ಲು. “ಚಲೋ ಚರ್ಮ ಒತ್ತಿದ್ರ ಬೆಳ್ಳಗಾಗಿ ಮತ್ತ ಬಣ್ಣಕ್ಕ ಬರತೈತಿ. ಇದು ಬೆಳ್ಳಗ ಆಗವಲ್ದು. ಹಾಸಿಗಿ ಹುಣ್ಣು ಏಳಾಕ ಹತ್ತೈತಿ, ಗುಲ್ಷನ.”

ದಾದಾಪೀರ ಅಂಗಡಿಂದ ಎದ್ದು ಬಂದ. “ಹುಣ್ಣು? ನನ್ನ ಗಾದಿ ಮ್ಯಾಲ? ಅಕ್ಕಾರ, ಸಿಟ್ಟಾಗಬ್ಯಾಡ್ರಿ, ದವಾಖಾನಿ ಮಂಚದ ಮ್ಯಾಲ ಎದ್ದಿದ್ರ ಒಪ್ಪತಿದ್ದೆ. ಇದರಾಗ ಹದಿನೈದು ಕಿಲೋ ಅರಳಿ ಹಾಕೀನಿ ನಾನು.”

“ಮೂವತ್ತು ಹಾಕ್ರಿ ದಾದಾಪೀರಣ್ಣ, ಹುಣ್ಣು ಏಳೂದು ಏಳೂದ. ಮೈ ಭಾರ ಒಂದ ಕಡೆ ಬಿದ್ರ ಅಲ್ಲಿ ರಗತ ಓಡಾಡೂದಿಲ್ಲ, ಚರ್ಮ ಸಾಯತೈತಿ. ನಾವು ನಿದ್ದ್ಯಾಗ ನಮಗ ಗೊತ್ತಿಲ್ಲದ ಹತ್ತು ಸಲ ಹೊಳ್ಳತೀವಿ. ನಿಮ್ಮ ಅವ್ವಗ ಹೊಳ್ಳಾಕ ಬರೂದಿಲ್ಲ. ಎರಡು ತಾಸಿಗೊಮ್ಮೆ ನೀವ ಮಗ್ಗಲಾ ಹೊಳ್ಳಸಬೇಕು. ಚರ್ಮ ಒಣಾ ಇಡಬೇಕು. ದಿನಾ ತತ್ತಿ, ಬ್ಯಾಳಿ, ಹಾಲು ಹೊಟ್ಟಿಗೆ ಹೋಗಬೇಕು. ನೀರು ತುಂಬೂ ಹಾಸಿಗಿ ಸಿಗತೈತಿ, ಅದನ್ನ ತಂದ್ರ ಇನ್ನೂ ಚಲೋ. ಅದು ಬಂತಂತ ಹೊಳ್ಳಸೂದು ಬಿಡೂ ಹಂಗಿಲ್ಲ.”

“ಎರಡು ತಾಸಿಗೊಮ್ಮೆ ಯಾರು ಹೊಳ್ಳಸಬೇಕ್ರಿ?”

“ಅದನ್ನ ನಾನೂ ಕೇಳಾಕ ಹತ್ತೀನಿ. ಯಾರು? ಗುಲ್ಷನ ಒಬ್ಬಾಕೀನ? ಆಕಿ ಮಕಾ ನೋಡೀರಿ ಒಮ್ಮೆರ? ನಿಮ್ಮ ತಮ್ಮನ್ನ ಕರಸ್ರಿ. ಕೈಲೆ ಆಗೂದು ಯಾರು ಮಾಡಬೇಕು, ರೊಕ್ಕಲೆ ಆಗೂದು ಯಾರು ಕೊಡಬೇಕು, ಕುಂತು ಮಾತಾಡ್ರಿ. ನಿಮ್ಮ ಓಣಿ ಸಾವಕ್ಕ ಹಿಂಥಾ ಸೇವಾ ಚಲೋ ಮಾಡ್ತಾಳ, ಮುಂಜಾನಿಂದ ಮಧ್ಯಾಹ್ನದ ಮಟ ಬಾ ಅನ್ರಿ. ಆಕೀಗೆ ದಿನಕ್ಕ ಇಪ್ಪತ್ತೈದು ಕೊಟ್ರ ಗುಲ್ಷನ ಸೂಜಿ ಹಿಡದು ಅದಕ್ಕಿಂತ ಹೆಚ್ಚು ದುಡೀತಾಳ. ಮತ್ತ ಅವ್ವಗ ಸರಕಾರದ ವೃದ್ಧಾಪ್ಯ ವೇತನಕ್ಕ ಅರ್ಜಿ ಹಾಕೀರೇನು?”

“ಸರಕಾರದ ಭಿಕ್ಷಾ ನಮಗ ಬ್ಯಾಡ್ರಿ.”

“ಭಿಕ್ಷಾ ಅಲ್ಲ ಅದು, ದುಡದು ದಣದವರ ಹಕ್ಕು. ಹೋಗ್ಲಿ, ಗುಲ್ಷನ ಹೇಳಿದ್ಲು, ಆ ತಲಿದಿಂಬಿನಾಗ...”

ದಾದಾಪೀರನ ಮಕಾ ಕೆಂಪಾತು. “ಅದು ಮಣ್ಣಿಂದ್ರಿ. ಅದರ ಮಾತು ಎತ್ತಬ್ಯಾಡ್ರಿ. ತಾಯಿ ಸೇವಾಕ್ಕ ಪಗಾರದ ಮಂದಿ ಇಟ್ಟ ಅಂದ್ರ ನನ್ನ ಮಕಕ್ಕ ಉಗಳ್ತಾರ. ಪಿಂಜಾರನ ತಾಯಿ ರಬ್ಬರ ಚೀಲದ ಮ್ಯಾಲ ಮಲಗಿದ್ಲು ಅಂತ ಊರೆಲ್ಲಾ ನಗತೈತಿ.”

ಅನ್ನಪೂರ್ಣ ಎದ್ದು ನಿಂತ್ಲು. “ಮಂದಿ ನಗೂದು ನಿಮಗ ಕೇಳಸತೈತಿ, ದಾದಾಪೀರಣ್ಣ. ಅವ್ವ ನರಳೂದು ಕೇಳಸವಲ್ದು” ಅಂದು ಹೋದ್ಲು.

ಆ ಮಾತು ಚುಚ್ಚಿತು. ಚುಚ್ಚಿದ್ರೂ ಏನ ಮಾಡಿದ ಅಂತೀರಿ? ಮತ್ತೊಂದು ಗಾದಿ ಮಾಡಿದ! ಟೊಂಕ ಬರೂ ಕಡೆ ಕೊಡಾ ಹೊರೂ ಸಿಂಬಿ ಹಾಂಗ ದುಂಡಗ ತೂತು ಬಿಟ್ಟು, ಸುತ್ತಲೂ ದಪ್ಪಗ ಅರಳಿ ತುರುಕಿದ. ಹುಣ್ಣಿಗೆ ಏನೂ ತಾಗೂದಿಲ್ಲ ಅಂತ ಅವನ ಲೆಕ್ಕ. ಸಿಂಬಿ ಅಂಚಿನ ಮ್ಯಾಲ ಭಾರ ಬಿದ್ದು ಸುತ್ತಲಿನ ರಗತಾನೂ ನಿಂತು ಹೋಗತೈತಿ ಅನ್ನೂದು ಅವಗೇನು ಗೊತ್ತು? ಕೇಳಿದ್ರ ಅನ್ನಪೂರ್ಣ ಹೇಳ್ತಿದ್ಲು. ಕೇಳಲಿಲ್ಲ.

ಎರಡು ತಿಂಗಳದಾಗ ಕೆಂಪು ಇದ್ದದ್ದು ಗುಂಡಿ ಆತು. ಮನ್ಯಾಗ ವಾಸನಿ ಬರಾಕ ಹತ್ತಿತು. ಓಣಿ ಹೆಣಮಕ್ಕಳು ಬಾಗಲದಾಗ ನಿಂತು “ಹ್ಯಾಂಗ ಅದಾರ?” ಅಂತ ಕೇಳಿ ಹೊಳ್ಳಿ ಹೋಗ್ತಿದ್ರು. ಒಂದು ಮಧ್ಯಾಹ್ನ ಗುಲ್ಷನ ಚಾದರ ಬದಲಿಸೂವಾಗ ಕಣ್ಣ ಕತ್ತಲಿ ಬಂದು ಅತ್ತಿ ಮಂಚದ ಬಾಜೂಕ ಕುಸದು ಬಿದ್ಲು. ದಾದಾಪೀರ ಓಡಿ ಬಂದು ಮಕಕ್ಕ ನೀರ ಹೊಡದ. ಎಚ್ಚರಾದಾಕಿ ಅವನ ಕೈ ಕೊಸರಿ ಅತ್ತಳು. “ನಾ ಒಬ್ಬಾಕಿ ಅದೀನ್ರಿ. ಎಷ್ಟಂತ ಮಾಡ್ಲಿ? ನಿಮ್ಮವ್ವನ ಬದಿಗೆ ನನ್ನೂ ಮಲಗಸ್ತೀರೇನು?”

ಅವತ್ತ ಚಾದರ ತಾನ ಬದಲಿಸಿದ. ಬದಲಿಸಾಕ ಹೋಗಿ ಗಾದಿ ಮ್ಯಾಲ ಕೈ ಒತ್ತಿದ. ಮೂವತ್ತು ವರ್ಷ ಅರಳಿ ಹಿಂಜಿದ ಕೈ ಅದು, ಯಾರೂ ಹೇಳಬೇಕಾಗಿರಲಿಲ್ಲ. ಹೊಲಿಗಿ ಬಿಚ್ಚಿ ನೋಡಿದ. ತೂತಿನ ಸುತ್ತ, ಅವ್ವನ ಮೈ ಬಿದ್ದ ಕಡೆ ಅರಳಿ ಹಸಿ ಕುಡದು, ಒತ್ತಿ ಒತ್ತಿ ಹಲಗಿ ಹಾಂಗ ಬಿರಸಾಗಿತ್ತು. ತಾ ಮಾಡಿದ ಮೆತ್ತನ್ನ ಗಾದಿ! ಆ ಅರಳಿ ಕೈಯಾಗ ಹಿಡಕೊಂಡು ದಾದಾಪೀರ ಸಣ್ಣ ಹುಡುಗರ ಹಾಂಗ ಅತ್ತ. “ಅವ್ವಾ, ನಿನ್ನ ಇದರ ಮ್ಯಾಲ ಇಟ್ಟಿದ್ದೆನಲ್ಲವ್ವಾ!”

ಅಣ್ಣ ಹೇಳಿ ಕಳಿಸಿದ್ದಕ್ಕ ಮರುದಿನ ಉಮರ ನರಗುಂದದಿಂದ ಬಂದ. ಅನ್ನಪೂರ್ಣನೂ ಬಂದ್ಲು. ಮದರಬಿ ಮಂಚದ ಮುಂದ ಎಲ್ಲಾರೂ ಕುಂತರು. ಮೊದಲ ಜಗಳಾನ ಆತು. “ಹಬ್ಬಕ್ಕೊಮ್ಮೆ ಹಣ್ಣ ತಂದು ಇಟ್ಟರ ಮಗ ಆದ್ಯೇನು?” ಅಂತ ದಾದಾಪೀರ, “ಕೇಳಿದಾಗ ಬಾಯಿ ಮುಚ್ಚಿಸಿದಾಂವ ಯಾರು?” ಅಂತ ಉಮರ. ಅದೂ ಖರೇನ ಇತ್ತು. ದಾದಾಪೀರ ತಲಿ ತಗ್ಗಿಸಿದ.

ಆಮ್ಯಾಲ ಮಾತು ದಾರಿಗೆ ಬಂತು. ಉಮರ ತಿಂಗಳಾ ಇಷ್ಟು ಅಂತ ರೊಕ್ಕ ಕಳಸಬೇಕು, ತಿಂಗಳದಾಗ ನಾಕು ದಿನ ಗಂಡ ಹೆಂಡತಿ ಬಂದು ಸೇವಾ ಮಾಡಿ ಗುಲ್ಷನಗ ತವರಿಗೆ ಹೋಗಿ ಬರಾಕ ಬಿಡಬೇಕು. ದಾದಾಪೀರ ಬೆಳಗಾಗೂ ಮೊದಲು, ಸಂಜಿಕ ಮತ್ತ ರಾತ್ರಿ ಹೊಳ್ಳಸೂ ಪಾಳಿ ತಾ ಹಿಡಿಬೇಕು. ಮುಂಜಾನಿ ಪಾಳಿ ಸಾವಕ್ಕಂದು, ಮಧ್ಯಾಹ್ನದ್ದು ಗುಲ್ಷನಂದು. ವಯಸ್ಸಿನ ದಾಖಲಿ, ರೇಶನ್ ಕಾರ್ಡು, ಫೋಟೋ ತಗೊಂಡು ವೇತನಕ್ಕ ತಹಶೀಲ್ದಾರ ಕಚೇರಿಗೆ ಅರ್ಜಿ ಹಾಕಬೇಕು. ಆದ್ರ ನೀರಿನ ಹಾಸಿಗಿ, ಔಷಧ, ತತ್ತಿ ಹಾಲಿಗೆ ಈಗಿಂದೀಗ ರೊಕ್ಕ ಬೇಕಲ್ಲ? ಎಲ್ಲಾರ ಕಣ್ಣೂ ತಲಿದಿಂಬಿನ ಮ್ಯಾಲ ಬಿದ್ದುವು.

ಮದರಬಿಗೆ ತಿಳೀತು. ಎಡಗೈಲೆ ತಲಿದಿಂಬು ಬಿಗಿ ಹಿಡಕೊಂಡ್ಲು. “ಬ್ಯಾಡ... ಅದು ನನ್ನ ಮಣ್ಣಿಂದು. ಮತ್ತ... ಮಸೀದಿ ಮುಂದ ಚಾದರ ಹಾಸ್ತೀರೇನು?”

ಗುಲ್ಷನ ಸನೇಕ ಹೋಗಿ ಅತ್ತಿ ಕಾಲ ಹಿಡಕೊಂಡ್ಲು. “ಅತ್ತಿ, ನೀವು ಹೋದ ಮ್ಯಾಲ ಊರ ಮಂದಿಗೆಲ್ಲಾ ಉಣಿಸಾಕ ರೊಕ್ಕ ಐತಿ. ಇವತ್ತ ನಿಮಗ ಒಂದು ತತ್ತಿ ತಿನಸಾಕ ನನ್ನ ಕೈಯಾಗ ರೊಕ್ಕ ಇಲ್ಲ. ಸತ್ತವರಿಗೆ ನೋವು ಇರೂದಿಲ್ಲ ಅತ್ತಿ. ನಿಮಗ ಐತಿ. ನಾ ದಿನಾ ನೋಡ್ತೀನಿ, ನನ್ನ ಕೈಲೆ ನೋಡಾಕ ಆಗವಲ್ದು.”

ಮದರಬಿ ಸೊಸಿ ಮಕಾ ನೋಡಿದ್ಲು. ಕಣ್ಣಿಂದ ನೀರು ಕಿವಿ ಕಡೆ ಹರೀತು. ಕೈ ಸಡಲ ಬಿಟ್ಲು. “ಕಫನಿನಷ್ಟು ಇಡ್ರಿ... ಉಳದದ್ದ ತಗೋರಿ” ಅಂದ್ಲು.

ಮುಂದಿನ ಏಳು ವಾರ ಆ ಮನಿ ಬ್ಯಾರೇನ ಆತು. ನೀರಿನ ಹಾಸಿಗಿ ಬಂತು. ಊರು ನಗಲೂ ಇಲ್ಲ, ಉಗಳಲೂ ಇಲ್ಲ, ಇಬ್ಬರು ಬಂದು ಎಲ್ಲಿ ಸಿಕ್ಕಿತು ಅಂತ ಕೇಳಿ ಹೋದ್ರು. ಸಾವಕ್ಕ ಗಟ್ಟಿ ಹೆಣಮಗಳು, ಬಾಯೀನೂ ದೊಡ್ಡದು. “ಏನಬೇ ಮದರಬಿ, ಇವತ್ತ ಯಾವ ಕಡೆ ಮಕಾ? ಗ್ವಾಡಿ ನೋಡ್ತೀಯೋ, ನನ್ನ ನೋಡ್ತೀಯೋ?” ಅನ್ನಾಕಿ. “ನಿನಗಿಂತ... ಗ್ವಾಡಿ ಚಂದ ಐತಿ” ಅಂತ ಮದರಬಿ ತೊದಲತಿದ್ಲು, ಮನಿ ಮಂದಿ ನಗತಿದ್ರು. ಅನ್ನಪೂರ್ಣ ಒಂದ ದಿನ ಬಿಟ್ಟು ಒಂದ ದಿನ ಬಂದು ಹುಣ್ಣು ತೊಳದು ಪಟ್ಟಿ ಕಟ್ಟತಿದ್ಲು. ವಾಸನಿ ಹೋತು. ಗುಲ್ಷನನ ಮಕಕ್ಕೂ ಕಳಾ ಬಂತು.

ಒಂದು ಸಂಜಿ ದಾದಾಪೀರ ಅವ್ವನ್ನ ಹೊಳ್ಳಿಸಿ, ಬೆನ್ನಿಗೆ ದಿಂಬು ಕೊಟ್ಟು ಕುಂತಿದ್ದ. ಮದರಬಿ ಅವನ ಕೈ ಸವರಿದ್ಲು. “ಹಗೂರ ಆತೋ ಪೀರಾ... ಮೊದಲ ಯಾಕ ಹಿಂಗ ಮಾಡಲಿಲ್ಲೋ?”

ಬೈದು ಕೇಳಿದ್ದಲ್ಲ ಅದು. ಸುಮ್ಮನ ಕೇಳಿದ್ದು. ದಾದಾಪೀರ ಅವ್ವನ ಕಾಲ ಮ್ಯಾಲ ಚಾದರ ಎಳದ.

ಎಂಟನೇ ವಾರ ಜ್ವರ ಬಂತು. ಹುಣ್ಣಿನ ವಿಷಾ ಆಗಲೇ ಎಲವಿಗೆ ಇಳದಿತ್ತು. “ಕೆಂಪು ಇದ್ದಾಗ ಇಷ್ಟು ಜ್ವಾಪಾನ ಮಾಡಿದ್ರ...” ಅಂದ್ರು ಡಾಕ್ಟರು. ನಾಕನೇ ದಿನ ಮಧ್ಯಾಹ್ನ ಮದರಬಿ ತೀರಿಕೊಂಡ್ಲು. ಕಫನಿಗೆ ಆಕಿ ಇಟ್ಟ ರೊಕ್ಕಾನ ಆತು. ಕಬರು ತೋಡಿದ ಜಮಾತಿನ ಮಂದಿ ಏನೂ ತಗೊಳ್ಳಲಿಲ್ಲ. “ಮಣ್ಣು ಕೊಡೂದು ನಮ್ಮ ಹೊಣಿ, ಇದಕ್ಕ ಯಾರರ ರೊಕ್ಕ ತಗೋತಾರೇನು?” ಅಂದ್ರು ಹಿರ್ಯಾ ಬಾಬುಸಾಬ. ದಾದಾಪೀರ ಕಬರಿಗೆ ಮೂರು ಹಿಡಿ ಮಣ್ಣು ಹಾಕಿದ. ಹಾಕಿ ಅಲ್ಲೇ ಕುಂತ, ಎಬ್ಬಿಸಿ ಕರಕೊಂಡು ಬರಬೇಕಾತು.

ನಲವತ್ತನೇ ದಿನ ದೊಡ್ಡ ಊಟ ಇಡಲಿಲ್ಲ. ಫಾತೆಹಾ ಓದಿಸಿ ಬಂದವರಿಗೆ ಚಹಾ ಕೊಟ್ಟರು. ಮೂಗು ಮುರದವರು ಇದ್ದರು, ಇರ್ತಾರ. ಮಾರನೇ ದಿನ ದಾದಾಪೀರ ಗುಲ್ಷನನ್ನ ಕರಕೊಂಡು ಅಬ್ಬಿಗೇರಿಗೆ, ಅತ್ತಿ ಮನಿಗೆ ಹೋದ. ಗುಲ್ಷನನ ತಾಯಿ ಮೈಮುನಬಿ ಎಪ್ಪತ್ತರ ಸನೇಕ ಬಂದಾಕಿ. ಇನ್ನೂ ಎರಡು ಕೊಡಾ ನೀರು ತರ್ತಾಳ. ಮಗ ಟಿಪ್ಪುಸಾಬನ ಕಡೆ ಇರ್ತಾಳ.

ಚಹಾ ಕುಡದ ಮ್ಯಾಲ ದಾದಾಪೀರ ಕೇಳಿದ. “ಅತ್ತಿ, ನಾಳೆ ನೀವು ಹಾಸಿಗಿ ಹಿಡದ್ರ ಯಾರ ಕಡೆ ಇರಾಕ ಮನಸೈತಿ? ಯಾರ ಕೈಲೆ ಸೇವಾ ಮಾಡಿಸಿಕೊಳ್ಳಾಕ ಬೇಕು?”

ಟಿಪ್ಪುಸಾಬ ಗಾಬರಿ ಆದ. “ಮಾಂವಾರ, ಎಂಥಾ ಮಾತ ಆಡ್ತೀರಿ!”

“ಆಡಲಾರದ್ದಕ್ಕ ನಮ್ಮವ್ವ ಕೊಳತು ಹೋದ್ಲು, ಟಿಪ್ಪು. ಸಿಟ್ಟಾದ್ರ ಆಗು. ನಾ ಕೇಳಿದ್ದು ಅತ್ತಿನ್ನ.”

ಮೈಮುನಬಿ ಸೆರಗಿನ ಚುಂಗ ಬೆರಳಿಗೆ ಸುತ್ತಕೋತ ಕುಂತ್ಲು. ಆಮ್ಯಾಲ ಮೆಲ್ಲಕ ಹೇಳಿದ್ಲು. “ಈ ಮನ್ಯಾಗ ಇರ್ತೀನಿ, ಬಾಗಲಾ ಕಾಣೂ ಹಂಗ ಮಲಗಸ್ರಿ. ಗಂಡಸರ ಕೈಲೆ ಮೈ ತೊಳಸಬ್ಯಾಡ್ರಿ, ನಾಚಿಕಿ ಬರತೈತಿ. ಮತ್ತ ಸೊಸಿ ಒಬ್ಬಾಕಿ ಮ್ಯಾಲ ಹಾಕಬ್ಯಾಡ್ರಿ.” ಇಷ್ಟು ಅಂದು ಕಣ್ಣಿಗೆ ಸೆರಗು ಹಚ್ಚಿಕೊಂಡ್ಲು. “ಇದನ್ನ ಯಾರರ ಕೇಳ್ಯಾರು ಅಂತ ದಾರಿ ನೋಡಿದ್ದೆ ಅಳಿಯಾರ. ನಾನ ಹ್ಯಾಂಗ ಹೇಳ್ಲಿ?”

ಟಿಪ್ಪುಸಾಬ ತಾಯಿ ಸನೇಕ ಸರದು ಕುಂತ. ಆ ವಾರದಾಗ ಮೈಮುನಬಿ ಹೆಸರಿಲೆ ಪೋಸ್ಟಿನಾಗ ಉಳಿತಾಯದ ಪುಸ್ತಕ ತಗಿಸಿದ್ರು. ಮಗ ಐವತ್ತು, ಮಗಳು ಐವತ್ತು, ತಿಂಗಳಾ ತಪ್ಪದ. ಸರಕಾರದ ವೇತನಕ್ಕ ಅರ್ಜೀನೂ ಕೊಟ್ಟರು.

ಓದಾಕ ಹತ್ತಿದ ಅಕ್ಕಾರ, ಅಣ್ಣಾರ, ನಿಮ್ಮನ್ಯಾಗ ಹಿರ್ಯಾರು ಅದಾರೇನು? ಮಣ್ಣಿಗೆ, ಸತ್ತ ಮ್ಯಾಲಿನ ಊಟಕ್ಕ ರೊಕ್ಕ ಇಡೂ ನಾವು ಸಾಯೂ ಮೊದಲಿನ ವರ್ಷಗಳಿಗೆ ಏನೂ ಇಡೂದಿಲ್ಲ. ಆ ವರ್ಷಗಳಿಗೆ ಕೈ ಬೇಕು, ರೊಕ್ಕಾನೂ ಬೇಕು. ಯಾರು ಎಷ್ಟು ಕೊಡಬೇಕು, ಯಾರು ಯಾವ ಪಾಳಿ ಹಿಡಿಬೇಕು ಅನ್ನೂದನ್ನ ಅವರು ಗಟ್ಟಿ ಇದ್ದಾಗ ಕುಂತು ಮಾತಾಡ್ರಿ. ತಿಂಗಳಾ ಸ್ವಲ್ಪ ಸ್ವಲ್ಪ ಅವರ ಹೆಸರಿಲೆ ಕೂಡಿಸ್ರಿ. ಬರೂ ವೇತನದ ಕಾಗದಪತ್ರ ಇವತ್ತ ಜೋಡಿಸ್ರಿ. ಸೇವಾ ಮಾಡಾಕಿಗೂ ಒಂದು ಜೀವ ಐತಿ, ಆಕೀಗೂ ಉಸುರ ಬಿಡಾಕ ಬಿಡುವಿನ ದಿನಾ ಕೊಡ್ರಿ. ಸಹಾಯಕ್ಕ ಪಗಾರದ ಮಂದಿ ಇಟ್ಟರ ಅದು ಅಪಮಾನ ಅಲ್ಲ. ಹಾಸಿಗಿ ಹಿಡದವರ ಮೈ ಮ್ಯಾಲ ಕೆಂಪು ಕಂಡ ದಿನಾನ ಸಿಸ್ಟರನ್ನ ಕರೀರಿ.

ಎಲ್ಲಕ್ಕಿಂತ ಮೊದಲ ಅವರನ್ನ ಕೇಳ್ರಿ. ಕೆಟ್ಟ ಮಾತು ಅಂತ ಅಂಜಬ್ಯಾಡ್ರಿ. ಇವತ್ತ ಊಟಕ್ಕ ಕುಂತಾಗ, ಅವ್ವಾ, ಅಪ್ಪಾ, ನಿಮಗ ಹ್ಯಾಂಗ ಬೇಕು ಅಂತ ಬಾಯಿ ಬಿಟ್ಟು ಕೇಳ್ರಿ. ದಾದಾಪೀರಗ ಏಳು ವಾರ ಸಿಕ್ಕಿದ್ದುವು, ಅವು ಸಾಲಲಿಲ್ಲ.